ಅರಸೀಕೆರೆ ಹುಡುಗನ ಪ್ರಶ್ನೆಗೆ, ಕಿಚನರ್‌ನಿಂದ

ಜನವರಿ ಇನ್‌ಟೇಕಿಗೆ ಕೆನಡಾದ ಕಿಚನರ್‌ಗೆ ಓದೋಕೆ ಬರ್ತಿದೀನಿ ಅಕ್ಕ, ದುಡ್ಡು ಎಷ್ಟು ಬೇಕು, ಚಳಿ ತಡ್ಕೊಳ್ಳೋಕಾಗುತ್ತಾ, ಪಾರ್ಟ್‌ಟೈಮ್ ಸಿಗುತ್ತಾ, ಕುಕ್ಕರ್ ಮಿಕ್ಸಿ ತರ್ಬೇಕಾ, ನೀವು ಕಾಲೇಜಲ್ಲೇ ಕೆಲಸ ಮಾಡಿದವರಲ್ವಾ, ಅಲ್ಲಿ ಫ್ರೆಂಡ್ಸ್ ಆದವರು ಆಮೇಲೂ ಇರ್ತಾರಾ ಅಂತ ಕೇಳಿದೀರ. ಅರಸೀಕೆರೆ ಅಂದ್ಮೇಲೆ ಉತ್ತರ ಕೊಡದೆ ಇರೋಕಾಗಲ್ಲ, ನಾನು ತಿಪಟೂರಿನವಳು.

ದುಡ್ಡಿಂದು ಬೇಗ ಮುಗಿಸ್ತೀನಿ. 2025ರ ಸೆಪ್ಟೆಂಬರ್‌ನಿಂದ ಒಬ್ಬರಿಗೆ ಒಂದು ವರ್ಷದ ಖರ್ಚು ಅಂತ 22,895 ಕೆನಡಾ ಡಾಲರ್ ತೋರಿಸ್ಬೇಕು, ಫೀಸು ಟಿಕೆಟ್ಟು ಬೇರೆ. 2023ರ ಕೊನೇವರೆಗೂ ಇದು 10,000 ಇತ್ತು, ಆ ಹಳೇ ಲೆಕ್ಕ ಹೇಳೋ ಏಜೆಂಟ್ ಸಿಕ್ಕಿದ್ರೆ ಎದ್ದು ಬನ್ನಿ. ಕ್ಲಾಸು ನಡೀವಾಗ ಕಾಲೇಜಿನ ಹೊರಗಡೆ ವಾರಕ್ಕೆ 24 ಗಂಟೆ ಕೆಲಸ ಮಾಡ್ಬಹುದು, ಆದ್ರೆ ಸಿಗ್ಬೇಕಲ್ಲ, ನಾಲ್ಕು ತಿಂಗಳ ಬಾಡಿಗೆ ಕೈಯಲ್ಲಿಟ್ಕೊಂಡೇ ಬನ್ನಿ. ಚಳಿಗೆ ಕಮರ್ಷಿಯಲ್ ಸ್ಟ್ರೀಟ್ ಜಾಕೆಟ್ ನಂಬ್ಕೋಬೇಡಿ, ಇಲ್ಲೇ ಬಂದು ತಗೊಳ್ಳಿ. ನಾನೂ ಸ್ಟೂಡೆಂಟಾಗೇ ಬಂದವಳು, ಜನವರಿಯಲ್ಲೇ, ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರೀತಾರೆ ಅಂತ ಯಾರೂ ಹೇಳಿರ್ಲಿಲ್ಲ, ಮದುವೆಗೆ ಅಂತ ತಗೊಂಡಿದ್ದ ಲೆದರ್ ಶೂ ಒಂದೇ ತಿಂಗಳಲ್ಲಿ ಬಿಳಿ ಬಿಳಿ ಆಗಿ ಬಿರುಕು ಬಿಡ್ತು. ಬಸ್‌ಸ್ಟಾಪಲ್ಲಿ ಒಬ್ಬಳು ಇಥಿಯೋಪಿಯಾ ಹುಡುಗಿ ತನ್ನ ಎಕ್ಸ್‌ಟ್ರಾ ಗ್ಲೌಸ್ ಕೊಟ್ಟು, ಬೂಟ್ಸ್ ಎಲ್ಲಿ ಸಿಗುತ್ತೆ ಅಂತ ತಾನೇ ಕರ್ಕೊಂಡು ಹೋದ್ಲು.

ಅದಕ್ಕೇ ಇರ್ಬೇಕು, ಓದು ಮುಗಿದ್ಮೇಲೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಲ್ಲೇ ಕೆಲಸಕ್ಕೆ ಸೇರಿದೆ. ಹೊಸಬರಿಗೆ ಸಿನ್ ನಂಬರ್ (ಇಲ್ಲಿ ಕೆಲಸ ಮಾಡೋಕೆ ಬೇಕಾದ ಸರ್ಕಾರಿ ನಂಬರ್) ಮಾಡಿಸೋದು, ಬ್ಯಾಂಕು, ಬಸ್ ಪಾಸು, ವಾಕ್‌ಇನ್ ಕ್ಲಿನಿಕ್ಕು, ರೂಮು, ಇದೇ ನನ್ನ ಕೆಲಸ. ವೀಸಾ ವಿಷಯ ಮಾತ್ರ ಬಾಯಿ ಬಿಡೋ ಹಾಗಿರ್ಲಿಲ್ಲ, ಇಲ್ಲಿ ಲೈಸೆನ್ಸ್ ಇಲ್ದೆ ಕಾಲೇಜು ಸಿಬ್ಬಂದೀನೂ ಇಮಿಗ್ರೇಶನ್ ಸಲಹೆ ಕೊಡ್ಬಾರ್ದು, ಪಕ್ಕದ ರೂಮಿನ ಅಡ್ವೈಸರ್ ಹತ್ರ ಕಳಿಸ್ಬೇಕು. ಕಳಿಸಿದ್ರೂ ಹೋಗ್ತಿರ್ಲಿಲ್ಲ, ವೀಸಾ ಕೇಳೋಕೆ ಬಂದವರು ಕೂತ್ಕೊಂಡು ಅಮ್ಮನ ಶುಗರ್ರು, ಜಮೀನಿನ ಮೇಲಿನ ಸಾಲ, ರೂಮ್‌ಮೇಟ್ ಜಗಳ ಎಲ್ಲಾ ಹೇಳ್ಕೊಂಡು ಏಳೋರು. ನೈಜೀರಿಯಾದ ಇಬದಾನ್‌ನಿಂದ ಬಂದ ಒಬ್ಬ ಹುಡುಗ ಇದ್ದ, ಅವನ ಜೊಲೊಫ್ ರೈಸ್ ನಮ್ಮ ಟೊಮ್ಯಾಟೊ ಬಾತಿಗೆ ಅಣ್ಣನ ಹಾಗೆ, ಡಬ್ಬಿ ತುಂಬ ತಂದು ನಮ್ಮ ಫ್ರಿಜ್ಜಲ್ಲಿ ಇಟ್ಟು ಹೋಗೋನು. ಕೊಲಂಬಿಯಾದ ಇಬ್ಬರು ಅಕ್ಕತಂಗೀರು ಲಂಚ್ ಟೈಮಲ್ಲಿ ನಂಗೆ ಸ್ಪ್ಯಾನಿಷ್ ಕಲಿಸ್ತೀವಿ ಅಂತ ಬಂದು ಬರೀ ನಗ್ತಿದ್ರು. ಪಕ್ಕದ ಟೇಬಲ್ಲಿನವರು ಕೇಂಬ್ರಿಜ್‌ನವರು, ಇಂಗ್ಲೆಂಡಿಂದಲ್ಲ, ಇಲ್ಲೇ ಪಕ್ಕದ್ದು, ಅವರ ಅಪ್ಪ ಅಮ್ಮ ಪೋರ್ಚುಗಲ್ಲಿನ ಅಜೋರ್ಸ್ ದ್ವೀಪದಿಂದ ಬಂದವರು, ಈಸ್ಟರ್ ಬಂತು ಅಂದ್ರೆ ದೊಡ್ಡ ಸಿಹಿ ಬ್ರೆಡ್ ತರೋರು, ನಾನು ದೀಪಾವಳಿಗೆ ಕೊಬ್ಬರಿ ಮಿಠಾಯಿ.

ಆಮೇಲೆ 2024ರ ಜನವರಿಯಲ್ಲಿ ಸರ್ಕಾರ ಸ್ಟಡಿ ಪರ್ಮಿಟ್‌ಗೆ ಮಿತಿ ಹಾಕ್ತು, ವರ್ಷದ ಕೊನೇಲಿ ಓದಾದ್ಮೇಲೆ ಸಿಗೋ ವರ್ಕ್ ಪರ್ಮಿಟ್ಟೂ ಎಲ್ಲಾ ಕಾಲೇಜು ಕೋರ್ಸಿಗೂ ಸಿಗಲ್ಲ, ಕೆಲವಕ್ಕೆ ಮಾತ್ರ ಅಂದ್ರು. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ ಇಲ್ಲಿನ ಮಕ್ಕಳ ಫೀಸು 2019ರಲ್ಲಿ ಶೇಕಡಾ 10 ಇಳಿಸಿ ಅಲ್ಲೇ ನಿಲ್ಲಿಸಿದ್ರಲ್ಲ, ಆ ಹಳ್ಳ ತುಂಬಿಸಿದ್ದು ನಮ್ಮಂಥವರ ಮಕ್ಕಳ ಫೀಸು. ತೋಟ ಅಡ ಇಟ್ಟು ಕಳಿಸಿದ ದುಡ್ಡಲ್ಲಿ ಕಟ್ಟಡ ಎದ್ದವು, ಮನೆ ಸಿಗದೇ ಇದ್ದಾಗ ಬೈಸ್ಕೊಂಡಿದ್ದೂ ಅದೇ ಮಕ್ಕಳೇ, ಇದನ್ನ ಹೇಳೋಕೆ ನಂಗೇನೂ ಮುಜುಗರ ಇಲ್ಲ. ಮಕ್ಕಳು ಕಮ್ಮಿಯಾದ್ರು, ಪ್ರೋಗ್ರಾಮ್ ಮುಚ್ಚಿದ್ರು, ನಮ್ಮ ಆಫೀಸಲ್ಲಿ ಅರ್ಧ ಜನಕ್ಕೆ ಕೆಲಸ ಹೋಯ್ತು, ನಂದೂ ಹೋಯ್ತು. ಕಾಲೇಜಿನ ಹೆಸರು ಬೇಡ.

ಕೆಲಸ ಹೋಗಿದ್ದು ಅಷ್ಟು ಉರಿಯಲ್ಲ. ಬೆಳಿಗ್ಗೆ ಮೀಟಿಂಗಲ್ಲಿ ಹೇಳಿದ್ರು, ಮಧ್ಯಾಹ್ನದೊಳಗೆ ಇಮೇಲು, ಟೀಮ್ಸು ಎಲ್ಲಾ ಲಾಕ್. ಮಕ್ಕಳ ನಂಬರ್ ನಮ್ಮ ಫೋನಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಪ್ರೈವೆಸಿ ರೂಲು, ಅದು ಸರಿನೇ. ಪಂಜಾಬಿನ ಮೋಗಾ ಕಡೆಯ ಒಬ್ಬ ಹುಡುಗಿ, ಅವರಮ್ಮಂಗೆ ಆ ವಾರ ಲುಧಿಯಾನದಲ್ಲಿ ಆಪರೇಷನ್ನು, ಇಲ್ಲಿ ಅವಳಿಗೆ ಎಕ್ಸಾಮು, ಹೇಗಾಯ್ತು ಅಂತ ಮೇಲ್ ಮಾಡ್ತೀನಿ ದೀದಿ ಅಂದಿದ್ಲು. ಮಾಡಿರ್ತಾಳೆ. ಉತ್ತರ ಬರ್ಲಿಲ್ಲ ಅಂತ ಏನಂದ್ಕೊಂಡ್ಲೋ. ಹುಡುಕೋಣ ಅಂದ್ರೆ ಆ ಹೆಸರಿನವರು ಪಂಜಾಬಿಗಳು ತುಂಬಿರೋ ಬ್ರಾಂಪ್ಟನ್ ಊರು ಒಂದರಲ್ಲೇ ಎಷ್ಟು ಜನ ಇದಾರೋ, ಅವಳು ಇನ್ನೂ ಒಂಟಾರಿಯೊದಲ್ಲಿ ಇದಾಳೆ ಅನ್ನೋದೂ ಗ್ಯಾರಂಟಿ ಇಲ್ಲ, ಇಲ್ಲೇ ಕಾಯಂ ಇರೋಕೆ ಬೇಕಾದ ಪಿಆರ್ ಪಾಯಿಂಟ್ಸ್ 500 ದಾಟಿದ್ರೂ ಸಾಲದೇ ಹೋದಾಗ ತುಂಬಾ ಮಕ್ಕಳು ಸಾಸ್ಕಾಚೆವಾನ್, ಆಲ್ಬರ್ಟಾ, ನ್ಯೂ ಬ್ರನ್ಸ್‌ವಿಕ್ ಅಂತ ಬೇರೆ ಪ್ರಾಂತ್ಯಗಳಿಗೆ ಚದುರಿ ಹೋದ್ರು. ಕ್ಯಾಂಪಸ್ ಮುಂದೆ ಬಸ್ಸಲ್ಲಿ ಹೋಗುವಾಗ ಈಗ್ಲೂ ಕಿಟಕಿಯಿಂದ ಮುಖ ಹುಡುಕ್ತೀನಿ.

ಜೊತೆಗೆ ಕೆಲಸ ಮಾಡಿದವರ ಕತೆ ಬೇರೆ. ನಮ್ಮ ಕಡೆ ಗೊತ್ತಲ್ಲ, ಟ್ರಾನ್ಸ್‌ಫರ್ ಆಗಿ ಹೋದ ಮೇಷ್ಟ್ರ ಮನೆಗೂ ಲಗ್ನಪತ್ರಿಕೆ ಹೋಗುತ್ತೆ, ದಾರೀಲಿ ಬಂದೆ ಅಂತ ಒಳಗೆ ನುಗ್ಗಿ ಕಾಫಿ ಕುಡಿದು ಬರ್ತೀವಿ. ಇಲ್ಲಿನವರು ಒಳ್ಳೇವರು, ಸುಳ್ಳು ಹೇಳಲ್ಲ, ಆದ್ರೆ ಸಂಬಂಧ ಆಫೀಸಿನ ಗೋಡೆಯೊಳಗೇ ಇರುತ್ತೆ. ಕೇಂಬ್ರಿಜ್ ಅವರು ಅಂಗಡೀಲಿ ಸಿಕ್ಕಿ ತಬ್ಕೊಂಡ್ರು, ಕಣ್ಣಲ್ಲಿ ನೀರು ಹಾಕ್ಕೊಂಡ್ರು, ಕಾಫಿಗೆ ಸಿಗೋಣ ಅಂದ್ರು, ಕ್ಯಾಲೆಂಡರಲ್ಲಿ ದಿನ ಸಿಗ್ಲೇ ಇಲ್ಲ. ಕೊನೆಗೆ ಈಸ್ಟರ್ ಹಿಂದಿನ ಶನಿವಾರ ನಾನೇ ಕೊಬ್ಬರಿ ಮಿಠಾಯಿ ಮಾಡ್ಕೊಂಡು ಹೇಳದೆ ಕೇಳದೆ ಅವರ ಬಾಗಿಲು ಬಡಿದೆ. ಗಾಬರಿ ಆದ್ರು, ಯಾರೋ ಸತ್ತೋದ್ರು ಅಂದ್ಕೊಂಡ್ರಂತೆ! ಆಮೇಲೆ ಎರಡು ಗಂಟೆ ಬಿಡ್ಲಿಲ್ಲ.

ಹಾಗಾಗಿ ನೀವು ಕ್ಲಾಸಲ್ಲಿ, ಟಿಮ್ ಹಾರ್ಟನ್ಸ್ ಕಾಫಿ ಅಂಗಡಿ ಶಿಫ್ಟಲ್ಲಿ ಯಾರ ಜೊತೆಯಾದ್ರೂ ಮನಸ್ಸು ಕೂಡಿದ್ರೆ ಅವತ್ತೇ ಸ್ವಂತ ನಂಬರ್ ತಗೊಳ್ಳಿ, ಕಾಲೇಜು ಮೇಲಲ್ಲ. ಊಟಕ್ಕೆ ಕರೀರಿ, ಅವರು ವಾಪಸ್ ಕರೀಲಿ ಅಂತ ಕಾಯ್ಬೇಡಿ. ಬರೀ ಕನ್ನಡದವರ ಜೊತೆ ಮಾತ್ರ ಬಾಸ್ಮೆಂಟ್ ಸೇರ್ಕೊಂಡು ಎರಡು ವರ್ಷ ಕಳೀಬೇಡಿ, ಸಂಘದ ಯುಗಾದಿ ಹೋಳಿಗೆಗೆ ಹೋಗಿ ಬನ್ನಿ, ಬೇಡ ಅನ್ನಲ್ಲ.

ಕುಕ್ಕರ್ ತನ್ನಿ, ಗ್ಯಾಸ್ಕೆಟ್ ಎರಡು ಜಾಸ್ತಿ ಇರ್ಲಿ. ಮಿಕ್ಸಿ ಬೇಡ, ಇಲ್ಲಿ 120 ವೋಲ್ಟು, ನಮ್ಮದು ಓಡಲ್ಲ. ನನ್ನ ಹತ್ರ ಹಳೇದೊಂದಿದೆ, ಬಂದು ತಗೊಂಡು ಹೋಗಿ, ಫೋನ್ ಮಾಡಿ ಬರೋದೇನೂ ಬೇಡ.