ಹುಡುಗರಿಗೆ ಹೇಳಿದ ಕೆಲಸ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಲು ಯಾವ ಆ್ಯಪ್ ಒಳ್ಳೇದು?

ಹಾಸನದಲ್ಲಿ ಫ್ಯಾಬ್ರಿಕೇಷನ್ ಶಾಪ್, ನಾಲ್ಕು ಜನ ಹುಡುಗರು, ಒಂದು ವರ್ಷದಲ್ಲಿ ನಾಲ್ಕು ಆ್ಯಪ್. ಆದರೂ ಗಿರಾಕಿ ಗೇಟ್ ತಗೊಂಡು ಹೋಗಲು ಬಂದ ದಿನ ಅದಕ್ಕೆ ಪ್ರೈಮರ್ ಕೂಡ ಹೊಡೆದಿರಲಿಲ್ಲ. ಈಗ ಐದನೇ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ನಾನು ಹೇಳುವುದಿಲ್ಲ. ಅಷ್ಟು ಚಿಕ್ಕ ಪ್ರಶ್ನೆಯಲ್ಲಿ 'ಹುಡುಗನಿಗೆ ಹೇಳಿದ್ದೆ' ಅಂತ ಮೂರು ಸಲ ಬರೆದಿದ್ದೀರಿ, ಎಣಿಸಿದೆ. 2022ರಲ್ಲಿ ನಮ್ಮ ಸಾಹುಕಾರರ ಮುಂದೆ ನಿಂತು ನಾನೂ ಅದೇ ಮಾತು ಹೇಳಿದ್ದೆ.

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಕಥೆ ಬರೆಯುವ ರೈಟರ್ ಅಲ್ಲ. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಕೂಲಿ ಬಟವಾಡೆ ಲೆಕ್ಕ, ಗೊಬ್ಬರ ಡೀಸೆಲ್ ಸ್ಟಾಕು, ಬೆಳಗ್ಗೆ ಮೇಸ್ತ್ರಿಗೆ ಕೆಲಸ ಹೇಳುವುದು, ಸಂಜೆ ಸಾಹುಕಾರರಿಂದ ಬೈಸಿಕೊಳ್ಳುವುದು. ಬೆಂಗಳೂರಲ್ಲಿ ಎರಡು ವರ್ಷ ಕಂಪ್ಯೂಟರ್ ಮುಂದೆ ಕೂತು ಬಂದವನಾದ್ದರಿಂದ ನನಗೆ ಆ್ಯಪ್ ಹುಚ್ಚು ಜಾಸ್ತಿ. ಪೊಮೊಡೊರೊನೂ ಮಾಡಿ ನೋಡಿದ್ದೇನೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ತೋಟದಲ್ಲಿ 25 ನಿಮಿಷ ಯಾರೂ ಮಾತಾಡಿಸದೆ ಇದ್ದರೆ ಅವತ್ತು ಭಾನುವಾರ ಅಂತ ಅರ್ಥ.

ಆಗ ಒಂದು ಟು-ಡು ಆ್ಯಪ್ ಇಟ್ಟುಕೊಂಡಿದ್ದೆ. ಟಿಕ್ ಹಾಕಿದರೆ 'ಟಿಂಗ್' ಅನ್ನುತ್ತಿತ್ತು, ಆ ಸಾಲು ಹೊಡೆದು ಹೋಗುತ್ತಿತ್ತು. ರಾತ್ರಿ ಮಲಗುವ ಮುಂಚೆ ಪಟ್ಟಿ ಖಾಲಿ. ಆ ಖಾಲಿ ಪಟ್ಟಿ ನೋಡಿಕೊಂಡು ಮಲಗುವ ಸುಖ ನಿಮಗೂ ಗೊತ್ತಲ್ವಾ?

ಫೆಬ್ರವರಿ. ರೊಬಸ್ಟಾ ಕಾಫಿ ಕೊಯ್ಲು ಮುಗಿದು ಸ್ಪ್ರಿಂಕ್ಲರ್ ಶುರು ಮಾಡುವ ಹೊತ್ತು. ಕಾಫಿ ಹೂವು ಅರಳಿಸುವ ಹೂಮಳೆಗೆ ಕಾಯುತ್ತಾ ಕೂರದೆ ಕೆರೆಯಿಂದ ನೀರೆತ್ತಿ ನಾವೇ ಗಿಡಕ್ಕೆ ಮಳೆ ಕೊಡುತ್ತೇವೆ. ಒಂದು ಇಂಚಾದರೂ ಒಟ್ಟಿಗೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಅರೆಬರೆ ಬಿದ್ದರೆ ಕಷ್ಟ. ಮೊಗ್ಗು ಎಚ್ಚರಾಗುತ್ತದೆ, ಸರಿಯಾಗಿ ಅರಳಲಾಗದೆ ಒಣಗುತ್ತದೆ.

ಶುರು ಮಾಡುವ ಐದು ದಿನ ಮುಂಚೆ ನನ್ನ ಪಟ್ಟಿಯಲ್ಲಿ ಒಂದು ಸಾಲಿತ್ತು: 'ಫುಟ್‌ವಾಲ್ವ್ ಚೆಕ್, ಮೇಸ್ತ್ರಿ'. ಫುಟ್‌ವಾಲ್ವ್ ಅಂದರೆ ಕೆರೆಯೊಳಗೆ ಮುಳುಗಿರುವ ಪೈಪಿನ ತುದಿಯಲ್ಲಿ ಕೂತು, ಮೇಲೆ ಬಂದ ನೀರು ವಾಪಸ್ ಇಳಿಯದ ಹಾಗೆ ಹಿಡಿಯುವ ವಾಲ್ವು. ಅದು ಹಿಡಿಯದಿದ್ದರೆ ಎಂಜಿನ್ ಎಷ್ಟು ಕಿರುಚಿದರೂ ಪಂಪು ಬರೀ ಗಾಳಿ ಎಳೆಯುತ್ತದೆ. ಮೇಸ್ತ್ರಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು. 'ಆಯ್ತು ಸಾರ್' ಅಂತ ಉತ್ತರವೂ ಬಂತು. ನಾನು ಟಿಕ್ ಹಾಕಿದೆ. ಟಿಂಗ್.

ನನ್ನ ತಪ್ಪು ಇಷ್ಟೇ, ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಯಾಕೆಂದರೆ ನನಗೆ ಅರ್ಥವಾಗಲು ಒಂದು ವರ್ಷದ ಫಸಲು ಹೋಗಬೇಕಾಯಿತು. ನಾನು ಮರೆತಿರಲಿಲ್ಲ. ಪಟ್ಟಿಯಲ್ಲಿ ಬರೆದಿದ್ದೆ, ಸಮಯಕ್ಕೆ ಹೇಳಿದ್ದೆ, ಉತ್ತರ ಪಡೆದಿದ್ದೆ. ತಪ್ಪಿದ್ದು ಟಿಕ್‌ನಲ್ಲಿ. ನನ್ನ ಮಟ್ಟಿಗೆ ಆ ಟಿಕ್‌ನ ಅರ್ಥ 'ಹೇಳಿ ಆಯಿತು'. ಪಟ್ಟಿಯ ಮಟ್ಟಿಗೆ ಅದರ ಅರ್ಥ 'ಕೆಲಸ ಆಯಿತು'. ಹೇಳಿದ ಕ್ಷಣದಲ್ಲೇ ಆ ಕೆಲಸ ನನ್ನ ಕಣ್ಣಿಂದ ಮಾಯವಾಯಿತು. ಬರೆಯದೇ ಇದ್ದಿದ್ದರೆ ತಲೆಯಲ್ಲಿ ಕೊರೆಯುತ್ತಾದರೂ ಇರುತ್ತಿತ್ತು, ಕೆರೆ ಹತ್ತಿರ ಹೋದಾಗ ಒಂದು ಸಲ ಬಗ್ಗಿ ನೋಡುತ್ತಿದ್ದೆ. ಬರೆದು ಹೊಡೆದುಹಾಕಿದ್ದರಿಂದ ಅದೂ ಹೋಯಿತು.

ಅತ್ತ ಮೇಸ್ತ್ರಿ ಏನು ಮಾಡಿದರು? ಅವರೂ ಹೇಳಿದರು. ಪಂಪ್ ನೋಡಿಕೊಳ್ಳುವ ಹುಡುಗನಿಗೆ ಹೇಳಿದರು. ಅವನು ಜೊತೆಯವನಿಗೆ ಹೇಳಿ ಊರ ಜಾತ್ರೆಗೆ ಹೋದ. ಎಲ್ಲರೂ ಹೇಳಿದ್ದಾರೆ, ಎಲ್ಲರ ಲೆಕ್ಕದಲ್ಲೂ ಕೆಲಸ ಆಗಿದೆ. ಕೆರೆಯ ತಳದಲ್ಲಿ ವಾಲ್ವಿನ ಬಾಯಿಗೆ ಒಂದು ಹೆಬ್ಬೆರಳು ಗಾತ್ರದ ಕಡ್ಡಿ ಸಿಕ್ಕಿಕೊಂಡಿತ್ತು. ಅದನ್ನು ಮಾತ್ರ ಯಾರೂ ನೋಡಿಲ್ಲ.

ಶುರು ಮಾಡಿದ ರಾತ್ರಿ ನೀರು ಹತ್ತಲಿಲ್ಲ. ಬೆಳಗ್ಗೆ ಪೈಪು ಎಳೆದು ನೋಡಿದರೆ ಕಡ್ಡಿ ಮಾತ್ರ ಅಲ್ಲ, ಒಳಗಿನ ಚರ್ಮದ ವಾಷರೂ ಹರಿದಿತ್ತು. ಆ ಅಳತೆಯದ್ದು ಮೂಡಿಗೆರೆಯಲ್ಲಿ ಅವತ್ತು ಸಿಗಲಿಲ್ಲ. ಚಿಕ್ಕಮಗಳೂರಿಗೆ ಹೋಗಿ ತಂದು, ಮೆಕ್ಯಾನಿಕ್‌ಗೆ ಕಾದು, ನಾಲ್ಕು ದಿನ ಹೋಯಿತು. ಮೂರನೇ ದಿನ ಸಂಜೆ ಮೋಡ ಕಟ್ಟಿ ಮಳೆ ಬಂತು. ಎಲ್ಲರೂ ಖುಷಿಯಾಗಿ ಹೊರಗೆ ಬಂದರು. ಹತ್ತು ನಿಮಿಷದಲ್ಲಿ ನಿಂತಿತು. ಅಳೆದರೆ 20 ಸೆಂಟ್. ಅಂದರೆ ಇಂಚಿನ ಐದನೇ ಒಂದು ಭಾಗ. ಆಗ ತಕ್ಷಣ ಮೇಲಿಂದ ನೀರು ಕೊಟ್ಟಿದ್ದರೆ ಉಳಿಯುತ್ತಿತ್ತು. ಕೊಡಲು ಪಂಪು ಎಲ್ಲಿ? ಕೆರೆ ಪಕ್ಕದ 12 ಎಕರೆಯಲ್ಲಿ ಮುಂದಿನ ಕೊಯ್ಲಿಗೆ ಬಂದಿದ್ದು ಅರ್ಧ ಫಸಲು.

ಸಾಹುಕಾರರು ಕೂಗಾಡಲಿಲ್ಲ. 'ಫುಟ್‌ವಾಲ್ವ್ ನೋಡಿದ್ಯಾ?' ಅಂದರು. 'ಮೇಸ್ತ್ರಿಗೆ ಹೇಳಿದ್ದೆ ಸಾರ್' ಅಂದೆ. 'ಹೇಳಿದ್ಯಾ ಅಂತ ಕೇಳಲಿಲ್ಲ ನಾನು' ಅಂದು ಜೀಪು ಹತ್ತಿದರು. ಮೊಬೈಲ್ ತೆಗೆದು ತೋರಿಸೋಣ ಅಂತ ಕೈ ಜೇಬಿಗೆ ಹೋಗಿತ್ತು. ತೋರಿಸಿದ್ದರೆ ಅದರಲ್ಲಿ ಇದ್ದಿದ್ದು ಆ ಟಿಕ್ಕೇ.

ವಾಟ್ಸಾಪ್‌ಗೆ 2014ರಲ್ಲಿ ನೀಲಿ ಟಿಕ್ ಬಂದ ಮೇಲೆ ನಮ್ಮೆಲ್ಲರಿಗೂ ಈ ಭ್ರಮೆ ಜಾಸ್ತಿಯಾಗಿದೆ ಅಂತ ನನ್ನ ಅನಿಸಿಕೆ. ಒಂದು ಟಿಕ್ ಅಂದರೆ ನಮ್ಮ ಕಡೆಯಿಂದ ಹೋಯಿತು. ಎರಡಾದರೆ ಅವರ ಫೋನಿಗೆ ತಲುಪಿತು. ನೀಲಿ ಆದರೆ ನೋಡಿದರು. ವಾಯ್ಸ್ ಮೆಸೇಜ್ ಕೇಳಿಸಿಕೊಂಡರೆ ಮೈಕ್ ಗುರುತೂ ನೀಲಿ. ಅದಕ್ಕೆ ಗೊತ್ತಿರುವುದು ಅಷ್ಟೇ. ನಿಮ್ಮ ಗೇಟಿಗೆ ಪ್ರೈಮರ್ ಬಿತ್ತಾ ಅನ್ನೋದಕ್ಕೆ ಅದರ ಹತ್ತಿರ ಯಾವ ಬಣ್ಣವೂ ಇಲ್ಲ.

ಈಗ ನಾನು ಇಟ್ಟುಕೊಂಡಿರುವುದು ಒಂದು ಗೂಗಲ್ ಶೀಟ್. ನಾಲ್ಕು ಕಾಲಮ್: ಕೆಲಸ, ಯಾರಿಗೆ, ಹೇಳಿದ ದಿನ, ನೋಡಿದ ದಿನ. ಚೆಕ್‌ಬಾಕ್ಸ್ ಇಲ್ಲ, ಬೇಕಂತಲೇ ಹಾಕಿಲ್ಲ. ಚೌಕ ಕಂಡರೆ ಬೆರಳು ಸುಮ್ನೆ ಇರಲ್ಲ. ತಾರೀಕು ಬರೆಯಬೇಕೆಂದರೆ 'ನಾನು ನಿಜವಾಗಲೂ ಅವತ್ತು ಅಲ್ಲಿಗೆ ಹೋಗಿದ್ದೆನಾ?' ಅಂತ ಒಂದು ಗಳಿಗೆ ಯೋಚನೆ ಬರುತ್ತದೆ. ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಇವತ್ತಿನ ತಾರೀಕು ಕೊಡುವ ಟುಡೇ ಫಂಕ್ಷನ್ ಬಳಸಿ, ಬಣ್ಣ ತಾನಾಗಿ ಬದಲಾಗುವ ಹಾಗೆ ಒಂದೇ ನಿಯಮ ಹಾಕಿದ್ದೇನೆ. ಹೇಳಿ ಮೂರು ದಿನ ದಾಟಿ, ನೋಡಿದ ದಿನ ಇನ್ನೂ ಖಾಲಿ ಇದ್ದರೆ ಇಡೀ ಸಾಲು ಕೆಂಪು. ನಿಮ್ಮ ಶಾಪಿಗೆ ಮೂರು ದಿನ ಜಾಸ್ತಿಯಾಯಿತು, ಒಂದು ದಿನ ಸಾಕು. ಫೋನಿನಲ್ಲಿ ಆ ಫೈಲನ್ನು ಆಫ್‌ಲೈನ್ ಮಾಡಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ತೆರೆಯುತ್ತದೆ. ನಮ್ಮ ಕೆರೆ ಹತ್ತಿರ ಸಿಗ್ನಲ್ ಅನ್ನೋದೇ ಇಲ್ಲ.

ಕೆಲಸ ಬರೆಯುವ ರೀತಿಯನ್ನೂ ಬದಲಾಯಿಸಿದೆ. 'ಫುಟ್‌ವಾಲ್ವ್ ಚೆಕ್' ಅಂತ ಈಗ ಬರೆಯುವುದಿಲ್ಲ. 'ಎಂಜಿನ್ ಹಾಕಿ, ಕಡೇ ಪೈಪಿನ ಸ್ಪ್ರಿಂಕ್ಲರ್ ಹತ್ತು ನಿಮಿಷ ತಿರುಗಬೇಕು' ಅಂತ ಬರೆಯುತ್ತೇನೆ. ಚೆಕ್ ಅನ್ನೋದನ್ನು ಯಾರು ಬೇಕಾದರೂ ಮಾಡಿದೆ ಅನ್ನಬಹುದು. ಸ್ಪ್ರಿಂಕ್ಲರ್ ತಿರುಗುತ್ತಿದೆಯೋ ಇಲ್ಲವೋ ಎರಡೇ ಉತ್ತರ. ನೀವೂ 'ಗೇಟ್ ರೆಡಿ ಮಾಡು' ಅನ್ನಬೇಡಿ. 'ಬುಧವಾರ ಸಂಜೆ ಪ್ರೈಮರ್ ಒಣಗಿ ಗೋಡೆಗೆ ಒರಗಿರಬೇಕು' ಅನ್ನಿ.

ಫೋಟೋ ತರಿಸಿಕೊಳ್ಳಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ, ನೋಡಿ. ನಾನೂ ಮಾಡಿದ್ದೆ. ಒಂದು ಸಲ ಮೇಸ್ತ್ರಿ ಕಳಿಸಿದ ಫೋಟೋದಲ್ಲಿ ಹಿಂದೆ ತೋಟ ಪೂರ್ತಿ ಹೂವು. ಅವತ್ತಿಗೆ ಹೂವು ಬರಲು ಇನ್ನೂ ಮೂರು ವಾರ ಇತ್ತು! ತಾರೀಕು, ಜಾಗ ಎಲ್ಲ ಅಚ್ಚಾಗುವ ಕ್ಯಾಮೆರಾ ಆ್ಯಪ್ ಇವೆ, ಹಾಕಿಸಬಹುದಿತ್ತು. ಮನಸ್ಸು ಬರಲಿಲ್ಲ. 30 ವರ್ಷ ತೋಟ ನೋಡಿಕೊಂಡ ಮನುಷ್ಯನಿಗೆ ಪೊಲೀಸ್ ಠಾಣೆಯ ಹಾಗೆ ಹಾಜರಿ ಹಾಕು ಅನ್ನೋದೇ? ಬೈಕ್ ಹತ್ತಿ ನಾನೇ ಹೋಗುತ್ತೇನೆ. ದಿನಕ್ಕೆ ಮೂರೋ ನಾಲ್ಕೋ ಕೆಲಸ ಕಣ್ಣಾರೆ ನೋಡಬೇಕಾದವು, ಉಳಿದವು ಕೆಟ್ಟರೂ ಮಾರನೇ ದಿನ ಸರಿ ಮಾಡಬಹುದು. ಆ ಮೂರು ನಾಲ್ಕು ಯಾವುವು ಅಂತ ಆರಿಸುವುದೇ ಬೆಳಗಿನ ಕೆಲಸ. ಅದನ್ನು ಮಾತ್ರ ಯಾವ ಆ್ಯಪೂ ಮಾಡಿಕೊಡಲ್ಲ.

ನಿಮ್ಮ ನಾಲ್ಕು ಆ್ಯಪ್‌ಗಳಲ್ಲಿ ಯಾವುದು ಉಳಿಸಿಕೊಳ್ಳಬೇಕು ಅಂದರೆ, ಕೈ ತಾನಾಗಿ ಯಾವುದಕ್ಕೆ ಹೋಗುತ್ತೋ ಅದು. ಟ್ರೆಲ್ಲೋ ಆದರೆ ಕೆಲಸ 'ಡನ್'ಗೆ ಹೋಗುವ ಮುಂಚೆ 'ಹೇಳಿದ್ದೇನೆ, ನೋಡಿಲ್ಲ' ಅಂತ ಒಂದು ಕಾಲಮ್ ಸೇರಿಸಿ. ನೋಷನ್‌ನಲ್ಲಿ ಡ್ಯಾಶ್‌ಬೋರ್ಡ್ ಚೆಂದ ಮಾಡುತ್ತಾ ಕೂರುವ ಚಟ ಇದ್ದರೆ ಇವತ್ತೇ ತೆಗೆದುಹಾಕಿ. ನನಗೂ ಇತ್ತು.

ಒಂದು ವಿಷಯದಲ್ಲಿ ನಾನು ಈಗಲೂ ದಡ್ಡನೇ. ನನಗೆ ನಾನೇ ಹೇಳಿಕೊಂಡ ಕೆಲಸಕ್ಕೆ ನೋಡುವವರು ಯಾರೂ ಇಲ್ಲ. ಶೀಟಿನಲ್ಲಿ 'ಯಾರಿಗೆ' ಅನ್ನೋ ಕಡೆ ನನ್ನ ಹೆಸರಿರುವ ಒಂದು ಸಾಲು, ಬೈಕಿನ ಇನ್ಶೂರೆನ್ಸ್, ಹನ್ನೊಂದು ದಿನದಿಂದ ಕೆಂಪಗೆ ಕೂತಿದೆ. ಇದನ್ನು ಬರೆದು ಮುಗಿಸಿ ಅದನ್ನೇ ಕಟ್ಟಬೇಕು. ಆಮೇಲೆ ಚೆಕ್‌ರೋಲ್ ಕೂಡುವುದಿದೆ, ನಾಳೆ ಬಟವಾಡೆ.