ರಿಸರ್ವ್‌ನಲ್ಲಿದ್ದ ವರ್ಷಗಳು ಪಿಂಚಣಿಗೆ ಸೇರುತ್ತವೆಯೇ?

ಸೈನಿಕರ ಪಿಂಚಣಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಮೂಲತಃ ಶರಾವತಿ ಕೊಳ್ಳದ ಊರು. ಲಿಂಗನಮಕ್ಕಿ ಮುಳುಗಡೆಯಲ್ಲಿ ಮನೆ, ಗದ್ದೆ ಎಲ್ಲ ಹೋಗಿ ಈಗ ಶಿವಮೊಗ್ಗ ತಾಲ್ಲೂಕಿನಲ್ಲಿದ್ದೇವೆ. ಅಪ್ಪ 1963ರ ಜೂನ್‌ನಲ್ಲಿ ಸೇನೆಯ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೇರಿ, ಒಂಬತ್ತು ವರ್ಷ ಕೆಲಸ ಮಾಡಿ 1972ರಲ್ಲಿ ಊರಿಗೆ ಬಂದರು. ‘ಹದಿನೈದು ವರ್ಷ ಆಗಿಲ್ಲ, ನನಗೆಲ್ಲಿಯ ಪಿಂಚಣಿ’ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದಾರೆ. ಈಚೆಗೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರ ಡಿಸ್ಚಾರ್ಜ್ ಬುಕ್ ಸಿಕ್ಕಿತು. ಅದರಲ್ಲಿ 1972ರಲ್ಲಿ ರಿಸರ್ವ್‌ಗೆ ವರ್ಗ, 1978ರಲ್ಲಿ ರಿಸರ್ವ್‌ನಿಂದ ಬಿಡುಗಡೆ ಎಂದಿದೆ. ಅಪ್ಪನಿಗೆ ಈಗ 82. ಏನಾದರೂ ದಾರಿ ಇದೆಯೇ?

ಉತ್ತರ: ದಾರಿ ಇದೆ. ನಿಮ್ಮ ತಂದೆ ಅಷ್ಟು ವರ್ಷ ಹೇಳಿಕೊಂಡು ಬಂದ ಮಾತು ಅರ್ಧ ಮಾತ್ರ ಸರಿ. ಹದಿನೈದು ವರ್ಷ ಬೇಕು ಎನ್ನುವುದು ನಿಜ. ಆದರೆ ಆ ಹದಿನೈದೂ ವರ್ಷ ಸಮವಸ್ತ್ರ ಹಾಕಿಕೊಂಡು ಪಲ್ಟನ್ನಿನಲ್ಲೇ ಇರಬೇಕೆಂದು ಅವರ ಕಾಲದ ನಿಯಮ ಹೇಳಿರಲಿಲ್ಲ.

ಆಗ ಜವಾನರನ್ನು ಎರಡು ಭಾಗದ ಕರಾರಿನ ಮೇಲೆ ಸೇರಿಸಿಕೊಳ್ಳುತ್ತಿದ್ದರು. ಮೊದಲ ಕೆಲವು ವರ್ಷ ಕಲರ್ ಸರ್ವೀಸ್, ಅಂದರೆ ಸೇನೆಯಲ್ಲಿದ್ದು ಮಾಡುವ ಪೂರ್ಣಾವಧಿ ಕೆಲಸ. ಆಮೇಲೆ ರಿಸರ್ವ್. ಊರಿಗೆ ಬಂದು ಗದ್ದೆ ತೋಟ ನೋಡಿಕೊಂಡಿರಬಹುದು, ಆದರೆ ಸೇನೆ ಕರೆದ ದಿನ ಹೊರಡಲೇಬೇಕು. ಇನ್ನೊಂದು ಯುದ್ಧ ಬಂದರೆ ತಮ್ಮನ್ನೂ ಕರೆಯುತ್ತಾರೆ ಎಂಬ ಅರಿವಿನಲ್ಲೇ ಈ ಮನುಷ್ಯರು ಉತ್ತು ಬಿತ್ತಿದ್ದಾರೆ. 1971ರ ಯುದ್ಧದ ಹೊತ್ತಿಗೆ ರಿಸರ್ವ್‌ನಲ್ಲಿದ್ದ ಅನೇಕರಿಗೆ ಕರೆ ಬಂದೇ ಬಂತು. ಆ ವರ್ಷಗಳಿಗೆ ಬೆಲೆ ಇದೆ, ನಿಯಮವೂ ಅದನ್ನು ಒಪ್ಪಿದೆ.

1961ರ ಸೇನಾ ಪಿಂಚಣಿ ನಿಯಮಾವಳಿಯ 155ನೇ ನಿಯಮ ನಿಮ್ಮ ತಂದೆಯಂಥವರಿಗಾಗಿಯೇ ಇರುವುದು. ಸೇವಾ ಪಿಂಚಣಿ ಪಡೆಯದ ರಿಸರ್ವಿಸ್ಟ್ ಒಂಬತ್ತು ವರ್ಷ ಕಲರ್ ಸರ್ವೀಸ್, ಆರು ವರ್ಷ ರಿಸರ್ವ್ ಮುಗಿಸಿದರೆ ಅವನಿಗೆ ತಿಂಗಳಿಗೆ 10 ರೂಪಾಯಿ 50 ಪೈಸೆ ರಿಸರ್ವಿಸ್ಟ್ ಪಿಂಚಣಿ, ಅದು ಬೇಡವೆಂದರೆ ಒಂದೇ ಗಂಟಿನಲ್ಲಿ 800 ರೂಪಾಯಿ ಗ್ರಾಚ್ಯುಟಿ ಎಂದು ಅದರಲ್ಲಿತ್ತು. ಮುಂದೆ ನಿಯಮ ಸುಧಾರಿಸಿತು. ಎರಡೂ ಸೇವೆ ಸೇರಿ 15 ವರ್ಷಕ್ಕೆ ಕಡಿಮೆಯಾಗದಿದ್ದರೆ, ಸಿಪಾಯಿಗೆ ಸಿಗುವ ಅತಿ ಕಡಿಮೆ ಪಿಂಚಣಿಯ ಮೂರರಲ್ಲಿ ಎರಡು ಪಾಲು ಕೊಡಬೇಕು, ಅದು 375 ರೂಪಾಯಿಗಿಂತ ಕೆಳಗಿಳಿಯಬಾರದು ಎಂದಾಯಿತು. ಇಂದು ಆ ಹಳೆಯ ಮೊತ್ತಗಳನ್ನು ನೋಡಿ ನಿರಾಶರಾಗಬೇಡಿ. 2016ರ ಜನವರಿ 1ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಬೇರೆ. 80 ದಾಟಿದವರಿಗೆ ಮೂಲ ಪಿಂಚಣಿಯ ಶೇ 20ರಷ್ಟು ಹೆಚ್ಚುವರಿ ಸಿಗುತ್ತದೆ. ಒಂದು ಶ್ರೇಣಿ ಒಂದು ಪಿಂಚಣಿ ಮಾತ್ರ ಇವರಿಗಿಲ್ಲ. ಆ ಯೋಜನೆಯ 2016ರ ಆದೇಶ ರಿಸರ್ವಿಸ್ಟ್ ಪಿಂಚಣಿದಾರರನ್ನು ಹೊರಗಿಟ್ಟಿದೆ. ನನ್ನ ಮಟ್ಟಿಗೆ ಅದು ನ್ಯಾಯವಲ್ಲ, ಆದರೆ ಸದ್ಯ ಇರುವ ಸ್ಥಿತಿ ಅದು.

ಈಗ ಡಿಸ್ಚಾರ್ಜ್ ಬುಕ್ಕನ್ನು ಬೆಳಕಿಗೆ ಹಿಡಿದು ಓದಿ. ಮೊದಲು ನೋಡಬೇಕಾದದ್ದು ದಿನಾಂಕಗಳು. ವರ್ಷ ಮಾತ್ರ ನೋಡಿದರೆ ಸಾಲದು. 1963ರ ಜೂನ್‌ನಿಂದ 1978ರವರೆಗೆ ಎಂದರೆ ಹದಿನೈದು ತುಂಬಿತೋ, ಎರಡು ತಿಂಗಳು ಕಡಿಮೆ ಬಿತ್ತೋ ಎನ್ನುವುದು ತಾರೀಕಿನಿಂದಲೇ ಗೊತ್ತಾಗಬೇಕು. ರಜೆ ಮೀರಿ ಗೈರಾದ ದಿನಗಳು, ಶಿಕ್ಷೆಯಲ್ಲಿ ಕಳೆದ ದಿನಗಳು ಇದ್ದರೆ ಅವನ್ನು ಕಳೆಯುತ್ತಾರೆ. ‘ರಿಸರ್ವ್‌ಗೆ ವರ್ಗ’ ಎಂಬ ಸಾಲು ನಿಮ್ಮ ಪುಸ್ತಕದಲ್ಲಿರುವುದು ದೊಡ್ಡ ಅದೃಷ್ಟ. ಕರಾರಿನಲ್ಲಿ ರಿಸರ್ವ್ ಇದ್ದೂ ನೇರವಾಗಿ ಮನೆಗೆ ಕಳುಹಿಸಲ್ಪಟ್ಟವರ ಪಾಡು ಬೇರೆ. ನೌಕಾಪಡೆಯಲ್ಲಿ ಹೀಗೇ ಆಯಿತು. 1976ರ ಜುಲೈ 3ರ ಆದೇಶದಿಂದ ಫ್ಲೀಟ್ ರಿಸರ್ವ್‌ಗೆ, ಅಂದರೆ ನೌಕಾಪಡೆಯ ರಿಸರ್ವ್‌ಗೆ, ಕಳುಹಿಸುವುದೇ ನಿಂತುಹೋಯಿತು. ರಿಸರ್ವ್‌ಗೆ ಹೋಗದ ನಾವಿಕರಿಗೆ ರಿಸರ್ವಿಸ್ಟ್ ಪಿಂಚಣಿ ಬರುವುದಿಲ್ಲ, ವಿಶೇಷ ಪಿಂಚಣಿಯ ನಿಯಮದಡಿ ಅವರ ಬೇಡಿಕೆ ನೋಡಬೇಕು ಎಂದು ಸುಪ್ರೀಂ ಕೋರ್ಟ್ ಟಿ.ಎಸ್. ದಾಸ್ ಪ್ರಕರಣದಲ್ಲಿ 2016ರಲ್ಲಿ ಹೇಳಿತು.

ಎರಡನೆಯದು ಆ 800 ರೂಪಾಯಿಯ ವಿಷಯ, ಎಲ್ಲಕ್ಕಿಂತ ಸೂಕ್ಷ್ಮ. ರಿಸರ್ವ್‌ನಿಂದ ಬಿಡುಗಡೆಯಾಗುವಾಗ ಪಿಂಚಣಿಯ ಬದಲು ಗ್ರಾಚ್ಯುಟಿ ಆರಿಸಿಕೊಳ್ಳಬಹುದಿತ್ತು. ಒಮ್ಮೆ ಆರಿಸಿದರೆ ಅದೇ ಅಂತಿಮ. ತಿಂಗಳ ಹತ್ತೂವರೆ ರೂಪಾಯಿಯ ಎದುರು ಆರು ವರ್ಷಕ್ಕೂ ಮೀರಿದ ಪಿಂಚಣಿ ಒಟ್ಟಿಗೆ ಕೈಗೆ ಬರುತ್ತದೆ ಎಂದಾಗ ಬಹಳ ಜನ ಗಂಟನ್ನೇ ಪಡೆದರು, ಅವರನ್ನು ತಪ್ಪೆನ್ನಲಾಗದು. ನಿಮ್ಮ ತಂದೆ 1978ರಲ್ಲಿ ಹಣ ಪಡೆದಿದ್ದಾರೆಯೇ, ಪಡೆದಿದ್ದರೆ ಅದು ಯಾವ ಬಾಬ್ತು ಎಂದು ಅವರ ಹತ್ತಿರ ಕೂತು ಸಮಾಧಾನದಿಂದ ಕೇಳಿ. ಪ್ರಾವಿಡೆಂಟ್ ಫಂಡಿನ ಹಣವನ್ನೇ ಪಿಂಚಣಿ ಬದಲಿಗೆ ಕೊಟ್ಟದ್ದೆಂದು ತಿಳಿದು ಸುಮ್ಮನಾದವರಿದ್ದಾರೆ.

ನಿಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಮುಳುಗಡೆಯ ಮನೆತನಗಳಲ್ಲಿ ಈ ತೊಡಕು ವಿಶೇಷ. 1963ರಲ್ಲಿ ಭರ್ತಿಯಾದಾಗ ಬರೆಸಿದ ಊರು, ಅಂಚೆ ಕಚೇರಿ 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ನೀರಿನಡಿಗೆ ಹೋದವು. ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಕಚೇರಿಯ ಪುಸ್ತಕದಲ್ಲಿ ವಿಳಾಸ ಹಾಗೇ ಉಳಿದಿದ್ದರೆ 1978ರಲ್ಲಿ ಆಯ್ಕೆ ಕೇಳಿ ಬರೆದ ಪತ್ರ ನಿಮ್ಮ ತಂದೆಯ ಕೈ ಸೇರಿರುವುದು ಹೇಗೆ? ಅವರು ಆಯ್ಕೆಯನ್ನೇ ಮಾಡಿಲ್ಲ ಎಂದಾದರೆ ಗ್ರಾಚ್ಯುಟಿ ಆರಿಸಿದರು ಎಂದು ಯಾರೂ ಹೇಳಲಾಗದು. ಆದ್ದರಿಂದ ಅರ್ಜಿಯಲ್ಲಿ ಮುಳುಗಡೆಯಾದ ಗ್ರಾಮದ ಹೆಸರು, ಪುನರ್ವಸತಿಯಲ್ಲಿ ಜಮೀನು ಮಂಜೂರಾದ ಆದೇಶದ ಪ್ರತಿ, ಈಗಿನ ಗ್ರಾಮದ ಹೆಸರು ಮೂರನ್ನೂ ಕೊಡಿ. ಸೇನೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಬೇಕು.

ಅರ್ಜಿ ಹೋಗಬೇಕಾದದ್ದು ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ಗೆ. ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯವರು ಬರೆದುಕೊಡಲು ನೆರವಾಗುತ್ತಾರೆ. ಪುಸ್ತಕದ ಜೆರಾಕ್ಸ್ ಕಳುಹಿಸಿ, ಮೂಲ ಪ್ರತಿಯನ್ನು ಯಾರಿಗೂ ಬಿಟ್ಟುಕೊಡಬೇಡಿ. ಪಿಂಚಣಿ ಇಲ್ಲದವರ ಸೇವಾ ಕಡತಗಳನ್ನು 25 ವರ್ಷದ ನಂತರ ನಾಶ ಮಾಡುವ ಪದ್ಧತಿ ಸೇನೆಯಲ್ಲಿದೆ, ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರ್ ಮಾತ್ರ ಉಳಿಯುತ್ತದೆ. ನಿಮ್ಮ ಟ್ರಂಕಿನಲ್ಲಿದ್ದ ಪುಸ್ತಕವೇ ಮುಖ್ಯ ಸಾಕ್ಷಿಯಾಗಬಹುದು. ನಮ್ಮ ಮಳೆಗಾಲದ ತೇವಕ್ಕೆ ಶಾಯಿ ಹರಡಿ ಮಾಸುವ ಮುನ್ನ ಪ್ರತಿ ಪುಟದ ಫೋಟೊ ತೆಗೆದಿಡಿ.

‘ನಲವತ್ತು ವರ್ಷ ಮೀರಿದೆ’ ಎಂದು ಯಾರಾದರೂ ಹೇಳಿದರೆ ಎದೆಗುಂದಬೇಡಿ. ಪಿಂಚಣಿಯ ಹಕ್ಕು ತಿಂಗಳು ತಿಂಗಳು ಹೊಸದಾಗಿ ಹುಟ್ಟುವಂಥದ್ದು. ತಡವಾಗಿ ಬಂದರೂ ಬೇಡಿಕೆ ನಿಲ್ಲುತ್ತದೆ, ಹಿಂಬಾಕಿ ಮಾತ್ರ ಸಾಮಾನ್ಯವಾಗಿ ದಾವೆ ಹಾಕುವ ಮುಂಚಿನ ಮೂರು ವರ್ಷಕ್ಕೆ ಸೀಮಿತ ಎಂದು ಸುಪ್ರೀಂ ಕೋರ್ಟ್ 2008ರ ತರ್ಸೆಮ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ರೆಕಾರ್ಡ್ಸ್‌ನವರು ಒಪ್ಪದಿದ್ದರೆ ಲಿಖಿತ ಉತ್ತರ ಪಡೆದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ತಾಯಿಯವರು ಇದ್ದರೆ ಅವರ ಹೆಸರನ್ನೂ ಈಗಲೇ ದಾಖಲು ಮಾಡಿಸಿ. ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. 82ರ ಹರೆಯದವರಿಗೆ ಒಂದೊಂದು ತಿಂಗಳೂ ದೊಡ್ಡದು.

ಪ್ರಶ್ನೆ: ನಾನು ಭದ್ರಾವತಿಯವನು, ಖಾಸಗಿ ಕೆಲಸದ ಜೊತೆಗೆ ಟೆರಿಟೋರಿಯಲ್ ಆರ್ಮಿಯಲ್ಲಿ ಜವಾನ. ಸೇರಿ 21 ವರ್ಷವಾಯಿತು. ಪಿಂಚಣಿಗೆ 15 ವರ್ಷ ಸಾಕು ಎನ್ನುತ್ತಾರಲ್ಲ, ನನಗೆ ಬರುತ್ತದೆಯೇ?

ಉತ್ತರ: ಸೇರಿ ಎಷ್ಟು ವರ್ಷವಾಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಎಂಬಾಡಿಡ್ ಆಗಿ, ಅಂದರೆ ಘಟಕವನ್ನು ಪೂರ್ಣಾವಧಿ ಕರ್ತವ್ಯಕ್ಕೆ ಕರೆದುಕೊಂಡಾಗ ನೀವು ನಿಜವಾಗಿ ಮಾಡಿದ ಸೇವೆಯನ್ನಷ್ಟೇ ಎಣಿಸುತ್ತಾರೆ. ಜವಾನರಿಗೂ ಜೆಸಿಒಗಳಿಗೂ (ಜೂನಿಯರ್ ಕಮಿಷನ್ಡ್ ಆಫೀಸರ್) ಅಂಥ ಸೇವೆ 15 ವರ್ಷ ಬೇಕು, ಅಧಿಕಾರಿಗಳಿಗೆ 20. ವರ್ಷಕ್ಕೊಮ್ಮೆಯ ತರಬೇತಿ ಶಿಬಿರ ಇದಕ್ಕೆ ಸೇರುವುದಿಲ್ಲ. ನಡುನಡುವೆ ಮನೆಗೆ ಕಳುಹಿಸಿದ ಅವಧಿಯಿಂದ ಹಿಂದಿನ ಸೇವೆ ವ್ಯರ್ಥವಾಗುವುದಿಲ್ಲ, ತುಂಡುಗಳನ್ನು ಕೂಡಿಸುತ್ತಾರೆ. ಮನೆಯಲ್ಲಿದ್ದ ದಿನಗಳನ್ನು ಮಾತ್ರ ಕೂಡಿಸುವುದಿಲ್ಲ. ರಿಸರ್ವಿಸ್ಟ್‌ಗೆ ಊರಲ್ಲಿದ್ದ ವರ್ಷವೂ ಲೆಕ್ಕ, ನಿಮಗೆ ಅಲ್ಲ. ಇದು ನಿಮಗೆ ಕಹಿ ಎನಿಸಬಹುದು, ಆದರೂ ಈಗಲೇ ಗೊತ್ತಿರುವುದು ಒಳ್ಳೆಯದು.

ಪ್ರತಿ ಸಲ ಕರೆದದ್ದು, ಬಿಟ್ಟದ್ದು ಎರಡೂ ಪಾರ್ಟ್-2 ಆರ್ಡರ್ ಎಂಬ ಘಟಕದ ದಾಖಲೆಯಲ್ಲಿ ಬಂದಿರುತ್ತವೆ. ಘಟಕದಲ್ಲಿರುವಾಗಲೇ ಆ ಪಟ್ಟಿ ಕೇಳಿ, ಒಂದೊಂದೇ ಅವಧಿ ಕೂಡಿಸಿ ನೋಡಿ. ಯಾವುದಾದರೂ ಬಿಟ್ಟುಹೋಗಿದ್ದರೆ ಸೇವೆಯಲ್ಲಿರುವಾಗ ಸರಿಪಡಿಸುವುದು ಸುಲಭ. ಕರ್ತವ್ಯದಲ್ಲಿ ಆದ ಗಾಯದಿಂದ ಬರುವ ಅಂಗವಿಕಲ ಪಿಂಚಣಿಗೆ ಈ 15 ವರ್ಷದ ಷರತ್ತು ಇಲ್ಲ.

ಪ್ರಶ್ನೆ: 17 ವರ್ಷ ಸೇವೆ ಮುಗಿಸಿ ಕಳೆದ ವರ್ಷ ಸೊರಬಕ್ಕೆ ಮರಳಿದ್ದೇನೆ, ಪಿಂಚಣಿ ಬರುತ್ತಿದೆ. ಕಾಗದದಲ್ಲಿ ಎರಡು ವರ್ಷ ರಿಸರ್ವ್ ಎಂದಿದೆ. ಅದು ಮುಗಿದ ಮೇಲೆ 19 ವರ್ಷದ ಲೆಕ್ಕದಲ್ಲಿ ಪಿಂಚಣಿ ಏರುತ್ತದೆಯೇ?

ಉತ್ತರ: ಏರುವುದಿಲ್ಲ. 2006ರಿಂದ 15 ವರ್ಷ ಪೂರೈಸಿದ ಜವಾನನಿಗೆ ಕೊನೆಯ ವೇತನದ ಅರ್ಧದಷ್ಟು ಪೂರ್ಣ ಪಿಂಚಣಿಯೇ ಸಿಗುತ್ತದೆ, ಅದಕ್ಕಿಂತ ಹೆಚ್ಚಿನ ವರ್ಷಗಳಿಂದ ಆ ಪ್ರಮಾಣ ಬದಲಾಗದು. ಸೇವಾ ಪಿಂಚಣಿ ಪಡೆಯುವವರಿಗೆ ರಿಸರ್ವಿಸ್ಟ್ ಪಿಂಚಣಿ ಬೇರೆ ಇಲ್ಲ. ಈ ಎರಡು ವರ್ಷ ಕರೆದರೆ ಹೋಗಬೇಕಾದ ಹೊಣೆ ಮಾತ್ರ ನಿಮ್ಮ ಮೇಲಿದೆ. ಬೇರೆ ಕೆಲಸಕ್ಕೆ ಸೇರಲು ಅಡ್ಡಿಯಿಲ್ಲ. ಮನೆ ಬದಲಾಯಿಸಿದರೆ ಹೊಸ ವಿಳಾಸ, ಮೊಬೈಲ್ ನಂಬರ್ ಎರಡನ್ನೂ ರೆಕಾರ್ಡ್ಸ್‌ಗೂ ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಖಾತೆಗೂ ತಿಳಿಸಿ.