ಗೇಟಿನ ಚಿಲಕದ ಸದ್ದು

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರೊಬ್ಬರ ಕತೆ ಇದು. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಸುಮಾ ಅನ್ನೋಣ. 36 ವರ್ಷ, 6 ವರ್ಷದ ಮಗ ಇದ್ದಾನೆ. "ಮೇಡಂ, ನನ್ನ ಕೋಪಕ್ಕೆ ಏನಾದರೂ ಮಾಡಿ" ಎಂದೇ ಬಂದರು. ಮಗ ಹಾಲಿನ ಲೋಟ ಬೀಳಿಸಿದ್ದಕ್ಕೆ ಬೆನ್ನಿಗೆ ಬಾರಿಸಿದ್ದರು. ಅವನು ಅಳಲಿಲ್ಲ, ಮೂಲೆಗೆ ಹೋಗಿ ನಿಂತ. "ಅಲ್ಲಿ ನಿಂತಿದ್ದು ನಾನೇ ಅನಿಸಿತು" ಎಂದರು.

ಅವರಪ್ಪ ಕುಡಿಯುತ್ತಿದ್ದರು. ಎಷ್ಟು ಕುಡಿದಿದ್ದಾರೆ ಅನ್ನೋದು ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ 8 ವರ್ಷದ ಹುಡುಗಿಗೆ ಗೊತ್ತಾಗುತ್ತಿತ್ತು. ಜಾಸ್ತಿಯಾಗಿದ್ದರೆ ತಮ್ಮನನ್ನು ಎಳೆದುಕೊಂಡು ಪಕ್ಕದ ಮನೆ ಅಜ್ಜಿಯ ಹತ್ತಿರ ಓಟ. ಈಗ ಗಂಡ ಒಂದು ಹನಿ ಮುಟ್ಟುವವರಲ್ಲ. ಆದರೂ ರಾತ್ರಿ ಚಿಲಕ ಸದ್ದಾದರೆ ಕೈ ತಣ್ಣಗಾಗುತ್ತದೆ, ಎದೆ ಡವಡವ ಅನ್ನುತ್ತದೆ. ವರ್ಷಗಟ್ಟಲೆ ಕಾವಲು ಕಾದ ಮೈ ಅದು. ಕಾವಲು ಮುಗಿದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ.

ಇಂಟರ್ನೆಟ್ಟಿನಲ್ಲಿ ಬಾಲ್ಯದ ಕಷ್ಟಗಳ ಬಗೆಗಿನ 10 ಪ್ರಶ್ನೆಗಳಿಗೆ ಉತ್ತರಿಸಿ, 5 ಅಂಕ ಬಂತೆಂದು ಹೆದರಿದ್ದರು. ಆ ಪ್ರಶ್ನೆಗಳ ಬೇರು ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಬಾಲ್ಯದಲ್ಲಿ ಹೊಡೆತ, ಮನೆಯವರ ಕುಡಿತ, ಅಮ್ಮನಿಗೆ ಬೀಳುವ ಏಟು ಇಂಥವು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ಅದು ತೋರಿಸಿತು. "ಅದು ಸಾವಿರಾರು ಜನರ ಲೆಕ್ಕ, ನಿಮ್ಮ ಜಾತಕವಲ್ಲ" ಎಂದೆ. ಬಾಗಿಲು ತೆರೆದು ಅನ್ನ ಹಾಕುತ್ತಿದ್ದ ಅಜ್ಜಿ ಆ ಅಂಕದಲ್ಲಿ ಬರುವುದೇ ಇಲ್ಲ, ಅಲ್ವಾ?

ಮೊದಲ ಕೆಲಸ ಮಗನದು. ಚಾಕಲೇಟು ಕೊಟ್ಟು ಮರೆಸಬೇಡಿ, "ಹೊಡೆದದ್ದು ನನ್ನ ತಪ್ಪು" ಎಂದು ಬಾಯಿಬಿಟ್ಟು ಹೇಳಿ ಎಂದೆ. ಗಂಡ ಬೀದಿ ತಿರುವಿನಲ್ಲೇ ಒಂದು ಫೋನ್ ಮಾಡಲಿ. ಗೇಟಿಗೊಂದು ಪುಟ್ಟ ಗಂಟೆ ಕಟ್ಟಿ, ಸದ್ದೇ ಬೇರೆಯಾಗಲಿ. ಕೈ ತಣ್ಣಗಾದಾಗ ಬರಿಗಾಲನ್ನು ನೆಲಕ್ಕೆ ಊರಿ, ಇದು ಯಾರ ಮನೆ, ಬಂದವರು ಯಾರು ಎಂದು ಜೋರಾಗಿ ಹೇಳಿಕೊಳ್ಳಿ. ನಿದ್ದೆ ತೀರಾ ಕೆಟ್ಟಿತ್ತು, ಹಾಗಾಗಿ ಮನೋವೈದ್ಯರ ಬಳಿಗೂ ಕಳಿಸಿದೆ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕಷ್ಟದ ಪ್ರಶ್ನೆ ಕೊನೆಗೆ ಬಂತು. ಅಪ್ಪ ಈಗ ಕುಡಿತ ಬಿಟ್ಟಿದ್ದಾರೆ. "ಪಾಪ, ಸರಿಹೋಗಿದ್ದಾರಲ್ಲ, ಗೌರಿ ಹಬ್ಬಕ್ಕೆ ಬಾ" ಎಂದು ಅಮ್ಮನ ಒತ್ತಾಯ. "ಕ್ಷಮಿಸಲೇಬೇಕಾ ಮೇಡಂ?" ಹಳೆಯದನ್ನು ಮರೆತುಬಿಡು ಎನ್ನುವವರು ಸುತ್ತ ಸಾಕಷ್ಟಿದ್ದಾರೆ, ನಾನೂ ಒಬ್ಬಳಾಗಬೇಕಿಲ್ಲ. ಬಾಗಿನ ತೆಗೆದುಕೊಂಡು ಸಂಜೆ ಬಸ್ಸಿಗೇ ಹೊರಟು ಬನ್ನಿ, ರಾತ್ರಿ ಉಳಿಯಬೇಡಿ ಎಂದೆ.

ಹೋಗಿ ಬಂದರು. ಅಪ್ಪ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಳೆಹಣ್ಣು ಸುಲಿದು ಕೊಟ್ಟರಂತೆ. "ನೋಡಲಾಗಲಿಲ್ಲ, ಎದ್ದು ಅಡುಗೆಮನೆಗೆ ಹೋದೆ" ಎಂದರು. ಮುಂದಿನ ವಾರ ಆ ಅಡುಗೆಮನೆಯಿಂದಲೇ ಮಾತು ಶುರುಮಾಡಬೇಕು.